ಬೇಣ ಹತ್ತಿದ್ರೆ ಬೇರೆ ವೆಬ್‌ಸೈಟು

ನಮ್ಮನೇಲಿ ಮೊಬೈಲ್ ಸಿಗ್ನಲ್ ಇಲ್ಲ. ಇದನ್ನ ಮೊದ್ಲೇ ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತೆ. ಶಿರಸಿಯಿಂದ ಹುಲೇಕಲ್ ರಸ್ತೇಲಿ ಹೋಗಿ ಒಂದ್ಕಡೆ ಮಣ್ಣು ರಸ್ತೆಗೆ ಇಳಿದ್ರೆ ಕೊನೆಗೆ ಸಿಗೋ ನಾಲ್ಕು ಮನೇಲಿ ನಮ್ದೊಂದು, ಕೆಳಗೆ ಅಡಿಕೆ ತೋಟ, ಮೇಲೆ ಬೇಣ, ಅಂದ್ರೆ ಹುಲ್ಲು ಬೆಳೆಯೋ ಗುಡ್ಡ, ನಡುವೆ ಗುಂಡೀಲಿ ಮನೆ. ಫೈಬರ್ ನೆಟ್ಟು ಕಂಬದಿಂದ ಮರ, ಮರದಿಂದ ಕಂಬ ಅಂತ ಹಾರ್ಕೊಂಡು ಜಗಲಿವರೆಗೂ ಬಂದಿದೆ, ಆದ್ರೆ ಮೊಬೈಲಲ್ಲಿ ಎರಡು ಕಡ್ಡಿ ಕಾಣಬೇಕು ಅಂದ್ರೆ ಬೇಣದ ತುದೀಲಿರೋ ನೇರಲೆ ಮರದ ಬುಡಕ್ಕೆ ಹತ್ತಬೇಕು. ನಾನು ಮನೆಯಿಂದ್ಲೇ ಕೆಲ್ಸ ಮಾಡೋನು, ವಾರಗಟ್ಲೆ ಮೊಬೈಲ್ ಡೇಟಾ ಅನ್ನೋದು ಒಂದಿದೆ ಅಂತಾನೇ ಮರ್ತು ವೈಫೈ ಮೇಲೇ ಬದುಕೋನು.

ದೊಡ್ಡಾಯಿ ಮತ್ತೆ ಕೇರಿಯ ಆರೇಳು ಜನ ಹೆಂಗಸರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಸಿರಪ್ಪು ಮಾಡಿ ಮಾರ್ತಾರೆ. ಆರ್ಡರ್ ಎಲ್ಲಾ ವಾಟ್ಸಾಪಲ್ಲಿ ಬರ್ತಿತ್ತು, ಯಾರು ಎಷ್ಟು ಕೇಳಿದ್ರು, ಯಾರು ದುಡ್ಡು ಹಾಕಿದ್ರು ಅನ್ನೋದು ಒಂದು ಹಳೇ ಸಹಕಾರಿ ಸಂಘದ ಡೈರೀಲಿ. ಅದನ್ನ ನೋಡ್ಲಿಕ್ಕಾಗದೆ ವೆಬ್‌ಸೈಟ್ ಕಟ್ಟೋ ಜ್ಯಾಂಗೋ ಅನ್ನೋ ಸಾಫ್ಟ್‌ವೇರಲ್ಲಿ ಒಂದು ಚಿಕ್ಕ ಆ್ಯಪ್ ಮಾಡಿ ಕ್ಲೌಡಲ್ಲಿ, ಅಂದ್ರೆ ಬಾಡಿಗೆ ಸರ್ವರಲ್ಲಿ, ಹಾಕಿದ್ದೆ. ಫೋಟೋ, ರೇಟು, ಆರ್ಡರ್ ಫಾರ್ಮು, ಅಷ್ಟೇ. ಹಾಕಿದ್ ಕೂಡ್ಲೆ ಅವ್ರೇ ಒಂದು ಪುಕ್ಕಟೆ ವಿಳಾಸ ಕೊಡ್ತಾರಲ್ಲ, ಆ್ಯಪ್ ಹೆಸ್ರು, ಅದ್ರ ಹಿಂದೆ ಅಡ್ಡಗೆರೆ, ಆಮೇಲೆ ಅರ್ಥ ಇಲ್ದ ನಾಲ್ಕು ಅಕ್ಷರ ಎರಡು ಅಂಕಿ, ಆಮೇಲೆ ಕಂಪನಿ ಹೆಸ್ರು, ಡಾಟ್ ಆ್ಯಪ್. ನಂಗೆ ಅದೇ ಸಾಕಾಗಿತ್ತು. ದೊಡ್ಡಾಯಿಗೆ ಸಾಕಾಗ್ಲಿಲ್ಲ.

"ತಮಾ, ಇಷ್ಟುದ್ದ ಹೆಸ್ರ ಫೋನಲ್ಲಿ ಹೆಂಗೆ ಹೇಳದು?"

ಪ್ರಶ್ನೆ ಸರಿಯಾದ್ದೇ. ಅದೂ 2024ರ ಮಾರ್ಚು, ಎರಡು ವರ್ಷಕ್ಕೊಮ್ಮೆ ಬರೋ ಮಾರಿಕಾಂಬಾ ಜಾತ್ರೆ ಮುಂದಿನ ಮಂಗಳವಾರವೇ ಶುರು. ಜಾತ್ರೆ ನಡಿಯೋ ಬಿಡ್ಕಿಬೈಲ್ ಹತ್ರ ನೆಂಟರ ಅಂಗಡಿ ಜಗಲೀಲಿ ಬಾಟಲಿ ಇಡೋದು ಅಂತ ಮಾತಾಗಿತ್ತು, ಬಾಟಲಿಗೆ ಅಂಟಿಸ್ಲಿಕ್ಕೆ ಸ್ಟಿಕರ್ ಬೇಕಿತ್ತು, ಸ್ಟಿಕರ್ ಮೇಲೆ ವೆಬ್‌ಸೈಟ್ ಹೆಸ್ರು ಬೇಕಿತ್ತು. ಪ್ರೆಸ್ಸಿನವ್ರು ಜಾತ್ರೆ ಬ್ಯಾನರ್ ಕೆಲ್ಸದಲ್ಲಿ ಮುಳುಗಿದ್ರು, ಗುರುವಾರ ಮಧ್ಯಾಹ್ನದೊಳಗೆ ಮ್ಯಾಟರ್ ಕೊಟ್ರೆ ಉಂಟು ಇಲ್ದಿದ್ರೆ ಇಲ್ಲ ಅಂದ್ರು. ಅವತ್ತು ಸೋಮವಾರ. ಡೊಮೇನ್, ಅಂದ್ರೆ ನಮ್ದೇ ಅಂತ ಒಂದು ವೆಬ್ ಹೆಸ್ರು, ತಗೊಂಡು ಜೋಡ್ಸೋದು ಅರ್ಧ ಗಂಟೆ ಕೆಲ್ಸ ಅಂತ ನಾನು ದೊಡ್ಡದಾಗಿ ಹೇಳಿ ಒಳಗೆ ಬಂದೆ.

ಹೆಸ್ರು ಹುಡುಕೋದ್ರಲ್ಲೇ ಸಂಜೆ ಆಯ್ತು. ನಮ್ಮ ಮಾತನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ಹೊತ್ತಿಗೆ ಒಬ್ಬೊಬ್ರು ಒಂದೊಂದು ತರ ಬರೀತಾರೆ, ಕಾಯಿ ಅನ್ನೋದಕ್ಕೆ ವೈ ಬೇಕಾ ಬೇಡ್ವಾ, ಮಿಡಿಗೆ ಐ ಒಂದಾ ಎರಡು ಇ ನಾ. ದೊಡ್ಡಾಯಿ ಕನ್ನಡದಲ್ಲೇ ಇಟ್ರೆ ಆಗ್ತಿಲ್ಯಾ ಅಂದ್ರು. ಆಗುತ್ತೆ, ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಅಂತ ಇದೆ, ಆದ್ರೆ ಒಳಗೊಳಗೆ ಅದು ಎಕ್ಸ್ ಎನ್ ಅಡ್ಡಗೆರೆ ಅಡ್ಡಗೆರೆ ಅಂತ ಶುರುವಾಗೋ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಾಗಿ ಓಡಾಡೋದು, ಅದಕ್ಕೆ ಪ್ಯುನಿಕೋಡ್ ಅಂತಾರೆ. ಎಲ್ಲೋ ಒಂದ್ಕಡೆ ಲಿಂಕ್ ಪೇಸ್ಟ್ ಮಾಡಿದ್ರೆ ಆ ಎಕ್ಸ್ ಎನ್ ಅವತಾರವೇ ಕಾಣಿಸ್ಕೊಂಡು ನೋಡ್ದೋರು ವೈರಸ್ಸು ಅಂತ ಹೆದ್ರೋ ಸಾಧ್ಯತೆ ಇದೆ ಅಂತ ನಂಗೇ ಪುಕಪುಕ. ಅದೂ ಅಲ್ದೆ ನಾನು ತಗೊಳ್ಳೋ ಕಂಪನಿ ಲಿಸ್ಟಲ್ಲಿ ಅದು ಇರ್ಲೂ ಇಲ್ಲ. ಕೊನೆಗೆ ಗಿಡ್ಡ ಹೆಸ್ರಿಂದು ಒಂದು ಡಾಟ್ ಇನ್ ತಗೊಂಡ್ವಿ. ಮೊದಲ ವರ್ಷದ ರೇಟು ದೊಡ್ಡಕ್ಷರದಲ್ಲಿ, ಎರಡನೇ ವರ್ಷದ್ದು ಸಣ್ಣಕ್ಷರದಲ್ಲಿ ಇತ್ತು. ಅದನ್ನ ಓದಿಯೇ ತಗೊಂಡೆ, ಆಮೇಲೆ ಬೈಸ್ಕೊಳ್ಳೋದು ಬೇಡ ಅಂತ.

ಕ್ಲೌಡ್ ಕಡೆಯ ಪ್ಯಾನೆಲ್ಲಲ್ಲಿ ಕಸ್ಟಮ್ ಡೊಮೇನ್ ಅಂತ ಇರುತ್ತೆ, ಅಲ್ಲಿ ಹೆಸ್ರು ಹಾಕಿದ್ರೆ ಮೂರು ರೆಕಾರ್ಡ್ ಕೊಡ್ತು. ಡೊಮೇನ್ ನಂದೇ ಹೌದು ಅಂತ ತೋರ್ಸ್ಲಿಕ್ಕೆ ಒಂದು ಟೆಕ್ಸ್ಟ್ ರೆಕಾರ್ಡು. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರೋ ಹೆಸ್ರಿಗೆ ಒಂದು ಸಿನೇಮು, ಅಂದ್ರೆ "ಈ ಹೆಸ್ರು ಕೇಳಿದ್ರೆ ಆ ಉದ್ದ ಹೆಸ್ರನ್ನೇ ಕೇಳು" ಅನ್ನೋದು. ಡಬ್ಲ್ಯೂ ಇಲ್ದ ಬರೀ ಹೆಸ್ರಿಗೆ ಒಂದು ಎ ರೆಕಾರ್ಡು, ಅದ್ರಲ್ಲಿ ಐಪಿ ಅಡ್ರೆಸ್ಸು, ಅಂದ್ರೆ ಸರ್ವರಿನ ಅಂಕಿ ವಿಳಾಸ. ಇದನ್ನ ತಗೊಂಡ್ಹೋಗಿ ಡೊಮೇನ್ ಕಂಪನಿಯ ಡಿಎನ್‌ಎಸ್ ಪೇಜಲ್ಲಿ ತುಂಬಬೇಕು. ಡಿಎನ್‌ಎಸ್ ಅಂದ್ರೆ ಹೆಸ್ರು ಕೊಟ್ರೆ ಆ ಅಂಕಿ ವಿಳಾಸ ಹುಡುಕಿ ಕೊಡೋ ವ್ಯವಸ್ಥೆ.

ಮೊದಲ ಪೆದ್ದುತನ ಇಲ್ಲಿ. ಹೋಸ್ಟ್ ಅಂತ ಇರೋ ಖಾನೆಯಲ್ಲಿ ನಾನು ಪೂರ್ತಿ ಹೆಸ್ರು ಬರ್ದೆ, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಡಾಟ್ ನಮ್ಮಂಗಡಿ ಡಾಟ್ ಇನ್ ಅಂತ. ಅದು ತಾನೇ ಹಿಂದೆ ಇನ್ನೊಂದ್ಸಲ ಡೊಮೇನ್ ಅಂಟಿಸ್ಕೊಳ್ತು, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಡಾಟ್ ನಮ್ಮಂಗಡಿ ಡಾಟ್ ಇನ್ ಡಾಟ್ ನಮ್ಮಂಗಡಿ ಡಾಟ್ ಇನ್. ಆ ಖಾನೆಗೆ ಬರೀ ಮೂರು ಡಬ್ಲ್ಯೂ ಸಾಕು, ಬರೀ ಡೊಮೇನಿಗೆ ಆದ್ರೆ ಆ್ಯಟ್ ಚಿಹ್ನೆ ಒಂದೇ ಸಾಕು. ಪ್ಯಾನೆಲ್ಲಲ್ಲಿ ಅದು ಎಲ್ಲೂ ಪೂರ್ತಿ ಕಾಣಲ್ಲ, ಹೊರಗಿಂದ ಕೇಳಿದಾಗ್ಲೇ ಗೊತ್ತಾಗೋದು.

ಎರಡನೇದು, ಬರೀ ಡೊಮೇನಿಗೂ ಸಿನೇಮೇ ಹಾಕಿಬಿಟ್ರೆ ಐಪಿ ಬದಲಾದ್ರೂ ತಲೆಬಿಸಿ ಇಲ್ಲ ಅಂತ ಬುದ್ಧಿವಂತಿಕೆ ಮಾಡ್ಲಿಕ್ಕೆ ಹೋದೆ, ಕೆಂಪಕ್ಷರದಲ್ಲಿ ಎರರ್ ಬಂತು. ಅದು ಕಂಪನಿಯ ಹಠ ಅಲ್ಲ, ಡಿಎನ್‌ಎಸ್ ರೂಲೇ ಹಾಗೆ, ಸಿನೇಮ್ ಇರೋ ಹೆಸ್ರಲ್ಲಿ ಬೇರೆ ರೆಕಾರ್ಡ್ ಇರೋ ಹಾಗಿಲ್ಲ, ಆದ್ರೆ ಡೊಮೇನಿನ ಬುಡದಲ್ಲಿ, ಅದ್ರ ರೆಕಾರ್ಡೆಲ್ಲಾ ಯಾವ ಸರ್ವರಲ್ಲಿದೆ ಅಂತ ಹೇಳೋ ನೇಮ್‌ಸರ್ವರ್ ರೆಕಾರ್ಡೂ ಆ ಡೊಮೇನಿನ ಮೂಲ ವಿವರ ಇಡೋ ಎಸ್‌ಒಎ ರೆಕಾರ್ಡೂ ಇರ್ಲೇಬೇಕು. ಹಾಗಾಗಿ ಅಲ್ಲಿ ಸಿನೇಮಿಗೆ ಜಾಗವೇ ಇಲ್ಲ. ಕೆಲವು ಕಡೆ ಅಲಿಯಾಸ್ ಅಂತಲೋ ಫ್ಲ್ಯಾಟನಿಂಗ್ ಅಂತಲೋ ಒಂದು ಉಪಾಯ ಇರುತ್ತೆ, ಹಿಂದ್ಗಡೆ ಅವ್ರೇ ಐಪಿ ಹುಡುಕಿ ಎ ರೆಕಾರ್ಡ್ ತರ ಕೊಡ್ತಾರೆ. ನಂದ್ರಲ್ಲಿ ಇರ್ಲಿಲ್ಲ. ಸುಮ್ನೆ ಎ ರೆಕಾರ್ಡ್ ಹಾಕ್ದೆ.

ರಾತ್ರಿ ಹತ್ತರ ಹೊತ್ತಿಗೆ ಡಬ್ಲ್ಯೂ ಇರೋ ಹೆಸ್ರು ಚಂದ ತೆರ್ಕೊಳ್ತು, ಬೀಗದ ಚಿತ್ರ ಸಮೇತ. ಬರೀ ಹೆಸ್ರೂ ತೆರೀತು, ಆದ್ರೆ ಬೀಗ ಇಲ್ಲ, ನಾಟ್ ಸೆಕ್ಯೂರ್ ಅಂತ. ಕ್ಲೌಡ್ ಪ್ಯಾನೆಲ್ಲಲ್ಲಿ ಅದ್ರ ಸರ್ಟಿಫಿಕೇಟ್, ಅಂದ್ರೆ ಆ ಬೀಗ ಬರ್ಲಿಕ್ಕೆ ಬೇಕಾದ ಗುರುತಿನ ಪತ್ರ, ಪೆಂಡಿಂಗ್ ಅಂತ ಹಳದಿ ಚುಕ್ಕೆ. ಇವ್ರು ಸರ್ಟಿಫಿಕೇಟ್ ತಗೊಳ್ಳೋದು ಲೆಟ್ಸ್ ಎನ್‌ಕ್ರಿಪ್ಟ್ ಇಂದ, ಪುಕ್ಕಟೆ, ಆಗ ಅದ್ರ ಆಯುಸ್ಸು 90 ದಿನ, ಮುಗಿಯೋ ಮುಂಚೆ ತಾನೇ ರಿನ್ಯೂ ಆಗುತ್ತೆ, ಹೊಸದು ಬರ್ಲಿಕ್ಕೆ ಸ್ವಲ್ಪ ಹೊತ್ತು ಬೇಕಾಗ್ಬಹುದು ಅಂತ ನಾನೇ ನನಗೆ ಸಮಾಧಾನ ಹೇಳ್ಕೊಂಡು ಮಲಗಿದೆ.

ಮಂಗಳವಾರ ಬೆಳಿಗ್ಗೆ ದೊಡ್ಡಾಯಿ ಬಾಟಲಿ ತರ್ಲಿಕ್ಕೆ ಪೇಟೆಗೆ ಹೋದ್ರು. ಬಸ್‌ಸ್ಟ್ಯಾಂಡ್ ಹತ್ರ ಯಾರೋ ಪರಿಚಯದವ್ರು ಸಿಕ್ಕಿದ್ದಾರೆ, ಹೆಮ್ಮೇಲಿ ಫೋನ್ ತೆಗ್ದು ತೋರ್ಸ್ಲಿಕ್ಕೆ ಹೋಗಿದ್ದಾರೆ. ಹತ್ತು ನಿಮಿಷಕ್ಕೆ ನಮ್ಮನೆ ಲ್ಯಾಂಡ್‌ಲೈನ್ ಹೊಡ್ಕೊಳ್ತು.

"ಎಂತೆಂತದೋ ಜಾಹೀರಾತೆಲ್ಲಾ ಬತ್ತಾ ಇದ್ದು ತಮಾ, ನಮ್ಮದು ಎಲ್ಲೂ ಕಾಣ್ತಿಲ್ಲೆ."

ನಾನು ಲ್ಯಾಪ್‌ಟಾಪಲ್ಲಿ ನೋಡ್ದೆ. ಇದೆಯಲ್ಲ! ಉಪ್ಪಿನಕಾಯಿ ಭರಣಿ ಫೋಟೋ ಸಮೇತ ಇದೆ. ಹೆಸ್ರು ತಪ್ಪು ಹೊಡ್ದಿರ್ಬೇಕು ಅಂದೆ. ಅವ್ರಿಗೆ ಸಿಟ್ಟು ಬಂತು, ಮಧ್ಯಾಹ್ನ ಮನೆಗೆ ಬಂದವ್ರೇ ಸೀದಾ ನನ್ನ ಮುಂದೆ ನಿಂತು ಒಂದೊಂದೇ ಅಕ್ಷರ ಒತ್ತಿ ತೋರ್ಸಿದ್ರು. ತೆರೀತು. ಸರಿಯಾಗೇ ತೆರೀತು. ಅವ್ರು ಒಂದ್ಸಲ ಫೋನ್ ನೋಡಿದ್ರು ಒಂದ್ಸಲ ನನ್ನ ನೋಡಿದ್ರು. ನಾನು ಗೆದ್ದವನ ತರ ನಗಬಾರದಿತ್ತು, ನಕ್ಕೆ.

ಬೆಂಗಳೂರಲ್ಲಿರೋ ಅಣ್ಣಂಗೆ ಕೇಳ್ದೆ, ಆಫೀಸಿಂದ ನೋಡಿ ಬಂತು ಮಾರಾಯಾ ಅಂದ. ಸಂಜೆ ಮನೆಗೆ ಹೋಗ್ತಾ ಮೆಟ್ರೋದಲ್ಲಿ ಅದೇನೋ ಜಾಹೀರಾತು ಬರ್ತಿದೆ ಅಂತ ಸ್ಕ್ರೀನ್‌ಶಾಟ್ ಕಳ್ಸಿದ. ಇನ್ನೂ ವೆಬ್‌ಸೈಟ್ ಜೋಡ್ಸದ ಡೊಮೇನಿಗೆ ಕಂಪನಿಯವ್ರು ಹಾಕೋ ಪಾರ್ಕಿಂಗ್ ಪೇಜು ಅದು.

ಡೊಮೇನ್ ಕಂಪನಿಯ ಚಾಟಿಗೆ ಹೋದೆ. ಅಲ್ಲಿದ್ದವ್ರು, ಮನುಷ್ಯರೋ ಮಷಿನ್ನೋ ಗೊತ್ತಿಲ್ಲ, "ಡಿಎನ್‌ಎಸ್ ಪ್ರಾಪಗೇಷನ್ ಆಗಲು 24ರಿಂದ 48 ಗಂಟೆ ಕಾಯಿರಿ" ಅಂದ್ರು. ಎಲ್ಲರೂ ಹೇಳೋದು ಇದನ್ನೇ, ನಾನೂ ಬೇರೆಯವ್ರಿಗೆ ಎಷ್ಟೋ ಸಲ ಹೇಳಿದ್ದೀನಿ. ಒಬ್ರಿಗೆ ಕಾಣ್ತದೆ ಒಬ್ರಿಗೆ ಕಾಣಲ್ಲ ಅಂದ್ಮೇಲೆ ಇನ್ನೂ ಹರಡ್ತಾ ಇದೆ ಅಂತಾನೇ ತಲೇಲಿ ಕೂತ್ಕೊಳ್ಳುತ್ತೆ, ಹಾಗಾಗಿ ನಂಬಿದೆ. ಬುಧವಾರ ಅರ್ಧ ದಿನ ಹಾಗೇ ಹಾಳು.

ಹರಡೋದು ಅಂತ ಏನೂ ಇಲ್ಲ ಅನ್ನೋದು ನೆನಪಾಗಿದ್ದು ಒಬ್ಬ ಕೊರಿಯರ್ ಹುಡುಗನಿಂದ. ಬುಧವಾರ ಮಧ್ಯಾಹ್ನ ಅವನು ಬೆವರು ಸುರಿಸ್ಕೊಂಡು ಬಂದ, ಒಂದು ಬಾಕ್ಸ್ ತಂದಿದ್ದ. ನಮ್ಮ ಕಡೆ ಗೊತ್ತಲ್ಲ, ಹೆಗಡೇರ ಮನೆ ಅಂದ್ರೆ ಯಾವ ಹೆಗಡೇರು, ಕೇರಿಗೆ ಎಂಟು ಹೆಗಡೇರು. ಅವನು ಹುಲೇಕಲ್ ರಸ್ತೇಲಿ ಒಬ್ರನ್ನ ಕೇಳಿದ್ದಾನೆ, ಅವ್ರಿಗೆ ಮನೆ ಗೊತ್ತಿಲ್ಲ ಆದ್ರೆ ಊರಿನ ದಾರಿ ಹೇಳಿದ್ದಾರೆ, ಊರಿನ ಬಾಯಲ್ಲಿರೋ ಕಿರಾಣಿ ಅಂಗಡೀಲಿ ಕೇಳಿದ್ದಾನೆ, ಅಂಗಡಿಯವ್ರು ದೊಡ್ಡಪ್ಪ ಈಗಿನ ಮನೆ ಕಟ್ಟೋ ಮುಂಚಿನ ಹಳೇ ಮನೆಗೆ ದಾರಿ ಹೇಳಿದ್ದಾರೆ, ಅಲ್ಲಿ ಈಗ ಕೊಟ್ಟಿಗೆ ಬಿಟ್ರೆ ಏನಿಲ್ಲ. ಅಂಗಡಿಯವ್ರದ್ದು ತಪ್ಪಲ್ಲ, ಅವ್ರಿಗೆ ಯಾವಾಗ್ಲೋ ಗೊತ್ತಿದ್ದಿದ್ದು ಅದೇ.

ಡಿಎನ್‌ಎಸ್ಸೂ ಇದೇ. ಬ್ರೌಸರ್ ಒಂದು ಹೆಸ್ರು ಕೇಳುತ್ತೆ, ನೆಟ್ ಕೊಡೋರ ರಿಸಾಲ್ವರ್, ಅಂದ್ರೆ ವಿಳಾಸ ಹುಡುಕಿ ಕೊಡೋ ಸರ್ವರ್ರು, ಅದನ್ನ ತಗೊಂಡು ರೂಟ್ ಸರ್ವರ್ ಹತ್ರ ಹೋಗುತ್ತೆ, ಎ ಇಂದ ಎಮ್‌ವರೆಗೆ 13 ಹೆಸ್ರು ಇದೆ ಅವಕ್ಕೆ, ಅವು ಡಾಟ್ ಇನ್ ಅವ್ರನ್ನ ಕೇಳು ಅನ್ನುತ್ತವೆ, ಡಾಟ್ ಇನ್ ಸರ್ವರ್ರು ಈ ಡೊಮೇನಿನ ನೇಮ್‌ಸರ್ವರ್ ಇಂಥದ್ದು ಅಲ್ಲಿ ಕೇಳು ಅನ್ನುತ್ತೆ, ಕೊನೆಗೆ ಆ ನೇಮ್‌ಸರ್ವರ್ರು ಐಪಿ ಕೊಡುತ್ತೆ. ಸಿಕ್ಕಿದ್ದನ್ನ ರಿಸಾಲ್ವರ್ ಟಿಟಿಎಲ್ ಇದ್ದಷ್ಟು ಹೊತ್ತು ನೆನಪಿಟ್ಕೊಳ್ಳುತ್ತೆ, ಅದು ಸೆಕೆಂಡ್ ಲೆಕ್ಕ, 3600 ಇದ್ರೆ ಒಂದು ಗಂಟೆ. ಆಮೇಲೆ ಮತ್ತೆ ಕೇಳುತ್ತೆ. "ಇಲ್ಲ" ಅನ್ನೋ ಉತ್ತರವನ್ನೂ ನೆನಪಿಟ್ಕೊಳ್ಳುತ್ತೆ, ಅದಕ್ಕೇ ರೆಕಾರ್ಡ್ ಹಾಕೋಕ್ ಮುಂಚೆ ಬಂತಾ ಬಂತಾ ಅಂತ ತೆರ್ದು ನೋಡಬಾರದು. ಡಾಟ್ ಕಾಮ್ ತರದ್ದ್ರಲ್ಲಿ ನೇಮ್‌ಸರ್ವರ್ ಉತ್ತರದ್ದೇ ಟಿಟಿಎಲ್ಲು ಎರಡು ದಿನದ್ದು, 48 ಗಂಟೆ ಮಾತು ಅಲ್ಲಿ ಒಂಚೂರು ಸರಿ. ಆದ್ರೆ ನಾನು ನೇಮ್‌ಸರ್ವರ್ ಬದಲಾಯಿಸೇ ಇಲ್ವಲ್ಲ. ನನ್ನ ರೆಕಾರ್ಡಿನ ಟಿಟಿಎಲ್ ಒಂದು ಗಂಟೆ, ಹಾಕಿ ಎರಡು ದಿನ ಆಗಿತ್ತು, ಯಾವ ಅಂಗಡಿಯವ್ರೂ ಅಷ್ಟೊತ್ತು ಹಳೇ ಮನೆ ನೆನಪಿಟ್ಕೊಂಡಿರ್ಲಿಕ್ಕೆ ಸಾಧ್ಯ ಇಲ್ಲ. ಹಾಗಾದ್ರೆ ಯಾರೋ ಈಗ್ಲೂ ಹಳೇ ಮನೆ ದಾರಿಯನ್ನ ಹೊಸದಾಗಿ ಹೇಳ್ತಾ ಇದ್ದಾರೆ.

ಆಗ ಹೊಳೀತು. ದೊಡ್ಡಾಯಿ ಪೇಟೇಲಿ, ಅಣ್ಣ ಮೆಟ್ರೋದಲ್ಲಿ. ಇಬ್ರೂ ಮೊಬೈಲ್ ಡೇಟಾದಲ್ಲಿ. ಸರಿ ಕಂಡಿದ್ದೆಲ್ಲಾ ವೈಫೈಯಲ್ಲಿ.

ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟು ಬೇಣ ಹತ್ತಿದೆ. ಮಾರ್ಚ್ ಬಿಸಿಲು, ಕರಡ ಕೊಯ್ದು ಬೋಳಾದ ಬೇಣ, ನೇರಲೆ ಮರದ ಬುಡದಲ್ಲಿ ಎರಡು ಚಿರೆಕಲ್ಲು ಇದೆ, ಕೂತ್ಕೊಂಡು ಬೆಂಗಳೂರಿಗೆ ಫೋನ್ ಮಾಡ್ಲಿಕ್ಕೆ ಅಂತ್ಲೇ ಯಾವಾಗ್ಲೋ ಯಾರೋ ಇಟ್ಟಿದ್ದು. ಫೋನಲ್ಲಿ ವೈಫೈ ಆಫ್ ಮಾಡಿ ಹೆಸ್ರು ಹೊಡ್ದೆ. ಜಾಹೀರಾತು! ಇನ್ಶೂರೆನ್ಸು, ಹೋಟ್ಲು, ಅದೇನೋ ಸಾಲ. ನಂಗೆ ಆದ ಖುಷಿ ಹೇಳ್ಲಿಕ್ಕಾಗಲ್ಲ, ಎರಡು ದಿನ ಹುಡುಕಿದ ಹಾವು ಕೊನೆಗೂ ಹೆಡೆ ತೋರ್ಸಿದ ಹಾಗೆ.

ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪಲ್ಲಿ ಡಿಎನ್‌ಎಸ್ ಉತ್ತರ ಕೇಳಿ ತೋರ್ಸೋ ಡಿಗ್ ಕಮಾಂಡ್ ತೆಗ್ದೆ. ನಡುವಿನವ್ರನ್ನ ಯಾರನ್ನೂ ಕೇಳದೆ ಸೀದಾ ಡೊಮೇನಿನ ನೇಮ್‌ಸರ್ವರನ್ನೇ ಕೇಳೋ ಹಾಗೆ ಕೊಟ್ಟೆ. ಎ ರೆಕಾರ್ಡ್ ಕೇಳಿದೆ, ನಾನು ಹಾಕಿದ ಐಪಿಯೇ ಬಂತು. ಸರಿ. ಎಎಎಎ ಕೇಳಿದೆ. ಕ್ವಾಡ್ ಎ ಅಂತಾರೆ, ಐಪಿವಿ6 ಅನ್ನೋ ಹೊಸ ತರದ ಉದ್ದ ಐಪಿ ವಿಳಾಸ ಇಡೋದು, ಎ ರೆಕಾರ್ಡಲ್ಲಿ ಇರೋದು ಹಳೇ ತರದ ಐಪಿವಿ4. ಅದು ಖಾಲಿ ಬರ್ಬೇಕಿತ್ತು, ನಾನು ಹಾಕೇ ಇಲ್ಲ. ಉದ್ದ ಒಂದು ವಿಳಾಸ ಬಂತು.

ಅಷ್ಟೇ ವಿಷಯ. ಡೊಮೇನ್ ತಗೊಂಡ ಕ್ಷಣದಲ್ಲೇ ಕಂಪನಿ ಅದಕ್ಕೆ ಪಾರ್ಕಿಂಗ್ ಪೇಜು ಹಚ್ಚಿರುತ್ತೆ, ಎ ಒಂದು, ಎಎಎಎ ಒಂದು. ನಾನು ನನ್ನ ಎ ಹಾಕಿದಾಗ ಹಳೇ ಎ ಹೋಯ್ತು, ಎಎಎಎ ಅಲ್ಲೇ ಉಳೀತು. ಮೊಬೈಲ್ ನೆಟ್‌ವರ್ಕ್ ಈಗ ಬಹಳಷ್ಟು ಐಪಿವಿ6 ಮೇಲೆ ನಡಿಯೋದು, ಫೋನು ಎರಡೂ ವಿಳಾಸ ಸಿಕ್ರೆ ಸಾಮಾನ್ಯವಾಗಿ 6ರದ್ದನ್ನೇ ಮೊದ್ಲು ಹಿಡಿಯುತ್ತೆ. ನಮ್ಮನೆ ಫೈಬರಲ್ಲಿ ಬರೀ ಐಪಿವಿ4. ಹಾಗಾಗಿ ಗುಂಡೀಲಿ ಕೂತೋನಿಗೆ ಉಪ್ಪಿನಕಾಯಿ, ಗುಡ್ಡ ಹತ್ತಿದೋನಿಗೆ ಇನ್ಶೂರೆನ್ಸು. ಡಬ್ಲ್ಯೂ ಇರೋ ಹೆಸ್ರಿಗೆ ಈ ತೊಂದರೆ ಇರ್ಲಿಲ್ಲ, ಸಿನೇಮ್ ಹಾಕಿದ್ನಲ್ಲ, ಅಲ್ಲಿ ಬೇರೆ ಏನೂ ಉಳೀಲಿಕ್ಕೆ ಜಾಗವೇ ಇಲ್ಲ. ಆದ್ರೆ ಡಬ್ಲ್ಯೂ ಹಚ್ಚಿ ಯಾರು ಹೊಡೀತಾರೆ ಈಗ.

ಇನ್ನೂ ಮಜಾ ಏನಂದ್ರೆ ಆ ಹಳದಿ ಚುಕ್ಕೆಯ ಸರ್ಟಿಫಿಕೇಟೂ ಇದಕ್ಕೇ ಸಿಕ್ಕಾಕ್ಕೊಂಡಿತ್ತು. ಲೆಟ್ಸ್ ಎನ್‌ಕ್ರಿಪ್ಟ್ ಅವ್ರು ಡೊಮೇನ್ ನಿಮ್ಮ ಕೈಲಿದೆಯಾ ಅಂತ ನೋಡ್ಲಿಕ್ಕೆ ಆ ಹೆಸ್ರಿನ ಸರ್ವರಲ್ಲಿ ಒಂದು ಗುಟ್ಟಿನ ಫೈಲು ಇದೆಯಾ ಅಂತ 80ನೇ ಪೋರ್ಟಲ್ಲಿ ಬಂದು ಕೇಳ್ತಾರೆ. ಎಎಎಎ ಇದ್ರೆ ಅವ್ರೂ ಐಪಿವಿ6 ವಿಳಾಸಕ್ಕೇ ಮೊದ್ಲು ಹೋಗೋದು. ಅಲ್ಲಿ ಹೋದ್ರೆ ಪಾರ್ಕಿಂಗ್ ಪೇಜು, ಫೈಲು ಎಲ್ಲಿಂದ ಬರ್ಬೇಕು. ಸಂಪರ್ಕವೇ ಆಗ್ದೆ ಟೈಮೌಟ್ ಆದ್ರೆ ಐಪಿವಿ4 ನೋಡ್ತಾರೆ, ಆದ್ರೆ ಇಲ್ಲಿ ಪಾರ್ಕಿಂಗ್ ಸರ್ವರ್ರು ಚಂದ ಬಾಗ್ಲು ತೆಗ್ದು ತಪ್ಪು ಉತ್ತರ ಕೊಡ್ತಿತ್ತು, ಹಾಗಾಗಿ ಫೇಲು. ನಾನು ಸಿಟ್ಟಲ್ಲಿ ರೀಟ್ರೈ ಬಟನ್ ಒತ್ತಿ ಒತ್ತಿ ಇಟ್ಟಿದ್ದೆ, ಒಂದು ಹೆಸ್ರಿಗೆ ಗಂಟೆಗೆ 5 ಸಲ ಫೇಲಾದ್ರೆ ಸ್ವಲ್ಪ ಹೊತ್ತು ಬಾಗ್ಲು ಹಾಕ್ತಾರೆ ಅನ್ನೋದು ಆಗ ತಲೇಲಿ ಇದ್ರೆ ತಾನೆ.

ಸರಿ ಅಂತ ಡೊಮೇನ್ ಪ್ಯಾನೆಲ್ಲಿಗೆ ಹೋದ್ರೆ ಅಲ್ಲಿ ಎಎಎಎ ಕಾಣೋದೇ ಇಲ್ಲ! ರೆಕಾರ್ಡ್ ಪಟ್ಟೀಲಿ ನಾನು ಹಾಕಿದ ಮೂರು ಮಾತ್ರ. ಇದು ನಂಗೆ ನಿಜವಾಗ್ಲೂ ಸಿಟ್ಟು ಬರ್ಸಿದ್ದು, ಮನೆ ನನ್ನ ಹೆಸ್ರಿಗೆ ಬರ್ಕೊಟ್ಟು ಅಟ್ಟದ ಮೇಲೆ ಅವ್ರ ಸಾಮಾನು ಇಟ್ಕೊಂಡಿರೋದು. ಎಲ್ಲಾ ಮೆನು ತಡಕಾಡಿ ಕೊನೆಗೆ ಫಾರ್ವರ್ಡಿಂಗ್ ಅನ್ನೋ ಬೇರೆಯೇ ಟ್ಯಾಬಲ್ಲಿ ಪಾರ್ಕಿಂಗ್ ಅಂತ ಒಂದು ಸ್ವಿಚ್ಚು ಸಿಕ್ತು, ಹಸಿರಾಗಿ ಹೊಳೀತಾ ಇತ್ತು. ಆಫ್ ಮಾಡ್ದೆ. ನೇಮ್‌ಸರ್ವರನ್ನ ಮತ್ತೆ ಕೇಳ್ದೆ, ಎಎಎಎ ಖಾಲಿ.

ಫೋನಲ್ಲಿ ಆದ್ರೂ ಇನ್ನೂ ಇನ್ಶೂರೆನ್ಸೇ. ಈಗ ಇದು ನಿಜವಾದ ಕಾಯೋ ಕೆಲ್ಸ, ಮೊಬೈಲ್ ಕಂಪನಿ ರಿಸಾಲ್ವರ್ ನೆನಪಲ್ಲಿ ಹೆಚ್ಚಂದ್ರೆ ಇನ್ನೊಂದು ಗಂಟೆ ಅದು ಇರುತ್ತೆ. ಕೆಳಗೆ ಹೋಗಿ ಮತ್ತೆ ಹತ್ತೋದು ಯಾರು ಅಂತ ಅಲ್ಲೇ ಕೂತೆ. ಡಿಗ್‌ನಲ್ಲಿ ಟಿಟಿಎಲ್ ಕಮ್ಮಿಯಾಗ್ತಾ ಬರೋದು ಕಾಣುತ್ತೆ, 2110, ಸ್ವಲ್ಪ ಹೊತ್ತು ಬಿಟ್ಟು 1740, ಹೀಗೆ. ಆಯಿ ಕೆಳಗಿಂದ ಊಟಕ್ಕೆ ಬಾ ಅಂತ ಕೂಗ್ತಾ ಇದ್ರು, ಬತ್ತಿ ಬತ್ತಿ ಅಂತ ನಾನು ಮೇಲಿಂದ ಕೂಗ್ತಾ ಇದ್ದೆ, ಅಂಕಿ ಸೊನ್ನೆ ಮುಟ್ಟಿದ ಮೇಲೆ ರಿಫ್ರೆಶ್ ಮಾಡ್ದೆ, ಭರಣಿ ಬಂತು. ಹತ್ತು ನಿಮಿಷ ಬಿಟ್ಟು ಹಳದಿ ಚುಕ್ಕೆ ಹಸಿರಾಯ್ತು. ಅನ್ನ ತಣ್ಣಗಾಗಿತ್ತು, ತಂಬುಳಿ ಇತ್ತು, ತೊಂದ್ರೆ ಆಗ್ಲಿಲ್ಲ.

ಹೆಸ್ರೇನೋ ಜೋಡ್ತು. ಆ್ಯಪ್ ಜೋಡ್ಕೊಳ್ಳಬೇಕಲ್ಲ. ಬುಧವಾರ ರಾತ್ರಿ ಬರೀ ಹೆಸ್ರಲ್ಲಿ ಆರ್ಡರ್ ಹಾಕಿ ನೋಡೋಣ ಅಂತ ಫಾರ್ಮ್ ತುಂಬಿ ಒತ್ತಿದ್ರೆ 403, ಸಿಎಸ್‌ಆರ್‌ಎಫ್ ಫೇಲ್. ಬೇರೆ ಸೈಟಿಂದ ಯಾರಾದ್ರೂ ಕಳ್ಳತನದಲ್ಲಿ ಫಾರ್ಮ್ ಕಳ್ಸದ ಹಾಗೆ ಕಾಯೋ ಪರೀಕ್ಷೆ ಅದು. ಜ್ಯಾಂಗೋಗೆ ಯಾವ ಯಾವ ಹೆಸ್ರಲ್ಲಿ ಬಂದ್ರೆ ಬಾಗ್ಲು ತೆಗೀಬೇಕು ಅಂತ ಅಲೋವ್ಡ್ ಹೋಸ್ಟ್ಸ್ ಪಟ್ಟೀಲಿ ಬರೀಬೇಕು, ಇಲ್ದಿದ್ರೆ 400 ಅಂತ ಮುಖಕ್ಕೆ ಬಡಿಯುತ್ತೆ, ಅದನ್ನ ಸೋಮವಾರವೇ ಬರ್ದಿದ್ದೆ. ಆದ್ರೆ 4ನೇ ವರ್ಷನ್ ಇಂದ ಸಿಎಸ್‌ಆರ್‌ಎಫ್ ಟ್ರಸ್ಟೆಡ್ ಒರಿಜಿನ್ಸ್ ಅನ್ನೋದ್ರಲ್ಲಿ ಎಚ್‌ಟಿಟಿಪಿಎಸ್ ಸಮೇತ ಪೂರ್ತಿ ವಿಳಾಸ ಬೇಕು, ನನ್ನ ಹತ್ರ ಅದ್ರಲ್ಲಿ ಹಳೇ ಉದ್ದ ಹೆಸ್ರು ಮಾತ್ರ ಇತ್ತು. ನಮ್ಮ ಸೆಟಪ್ಪಲ್ಲಿ ಮುಂದೆ ಪ್ರಾಕ್ಸಿ ಎಚ್‌ಟಿಟಿಪಿಎಸ್ ಬಿಚ್ಚಿ ಒಳಗೆ ಸಾದಾ ಎಚ್‌ಟಿಟಿಪಿಯಲ್ಲಿ ಕಳ್ಸೋದ್ರಿಂದ ಅದು ಹೊಂದಾಣಿಕೆ ಆಗ್ದೆ ಬೈತಿತ್ತು. ಹೊಸ ಹೆಸ್ರು ಎರಡೂ ಸೇರ್ಸಿ ಮತ್ತೆ ಡಿಪ್ಲಾಯ್. ಗೂಗಲ್ ಲಾಗಿನ್ ಇಟ್ಟಿದ್ದೆ ದೊಡ್ಡಾಯಿಯವ್ರ ಕಡೆಯ ಪೇಜಿಗೆ, ಅದೂ ರಿಡೈರೆಕ್ಟ್ ಯುಆರ್‌ಐ, ಅಂದ್ರೆ ಲಾಗಿನ್ ಆದ್ಮೇಲೆ ವಾಪಸ್ ಬರೋ ವಿಳಾಸ, ಹೊಂದ್ತಿಲ್ಲ ಅಂತು. ಅಲ್ಲೂ ಹೊಸ ವಿಳಾಸ. ಡಬ್ಲ್ಯೂ ಇರೋದ್ರಲ್ಲಿ ಲಾಗಿನ್ ಆದ್ರೆ ಇಲ್ದಿದ್ರಲ್ಲಿ ಲಾಗಿನ್ ಇಲ್ಲ, ಬ್ರೌಸರ್ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆ ಮನೆ. ಒಂದನ್ನೇ ಇಟ್ಕೊಳ್ಳೋಣ ಅಂತ ಡಬ್ಲ್ಯೂ ಕೇಳ್ದೋರನ್ನ ಬರೀ ಹೆಸ್ರಿಗೆ ಕಳ್ಸೋ 301, ಅಂದ್ರೆ ಕಾಯಂ, ರಿಡೈರೆಕ್ಟ್ ಹಾಕ್ದೆ. 301 ಹಾಕೋವಾಗ ಕೈ ನಡುಗಬೇಕು, ಬ್ರೌಸರ್ ಅದನ್ನ ಗಟ್ಟಿ ನೆನಪಿಟ್ಕೊಳ್ಳುತ್ತೆ, ತಿರುಗಾಮುರುಗಾ ಹಾಕಿದ್ರೆ ಬಿಡಿಸ್ಲಿಕ್ಕೆ ಸಾಕುಬೇಕಾಗುತ್ತೆ. ಅದಕ್ಕೇ ಮೊದ್ಲು ತಾತ್ಕಾಲಿಕದ 302 ಹಾಕಿ ನೋಡಿ, ಸರಿ ಬಂದ್ಮೇಲೆ 301 ಮಾಡ್ದೆ. ಅಷ್ಟು ಬುದ್ಧಿ ಅಷ್ಟೊತ್ತಿಗೆ ಬಂದಿತ್ತು.

ಮೇಲ್ ವಿಷಯ ಬೇಗ ಹೇಳಿ ಮುಗಿಸ್ತೀನಿ. ಆರ್ಡರ್ ಮೇಲು ನಮ್ಮ ಹೆಸ್ರಿಂದ್ಲೇ ಹೋಗ್ಲಿ ಅಂತ ಎಸ್‌ಪಿಎಫ್, ಅಂದ್ರೆ ನಮ್ಮ ಹೆಸ್ರಲ್ಲಿ ಯಾರು ಮೇಲ್ ಕಳ್ಸಬಹುದು ಅಂತ ಹೇಳೋ ಟೆಕ್ಸ್ಟ್ ರೆಕಾರ್ಡ್ ಹಾಕ್ಬೇಕಾಯ್ತು, ಮೇಲ್‌ಬಾಕ್ಸಿಂದು ಒಂದು, ಆ್ಯಪ್ ಮೇಲ್ ಕಳ್ಸೋ ಸರ್ವಿಸಿಂದು ಒಂದು ಅಂತ ಎರಡು ಹಾಕ್ದೆ. ಹಾಗೆ ಎರಡು ಇರೋ ಹಾಗಿಲ್ಲ, ಇದ್ರೆ ಎರಡೂ ಕೆಟ್ಟ ಹಾಗೇ ಲೆಕ್ಕ, ಒಂದ್ರಲ್ಲೇ ಎರಡನ್ನೂ ಸೇರ್ಸಬೇಕು. ಸೇರ್ಸಿದ ಮೇಲೆ ಮೇಲು ಸ್ಪ್ಯಾಮಿಂದ ಇನ್‌ಬಾಕ್ಸಿಗೆ ಬಂತು.

ಗುರುವಾರ ಬೆಳಿಗ್ಗೆ ಪ್ರೆಸ್ಸಿಗೆ ಹೋಗೋ ಮುಂಚೆ ದೊಡ್ಡಾಯಿಯನ್ನ ಕರ್ಕೊಂಡು ಬೇಣ ಹತ್ತಿದೆ. ಅವ್ರಿಗೆ ಮಂಡಿನೋವು, ನಿಧಾನ ಹತ್ತಿದ್ರು, ಆದ್ರೆ ಬರೋದಿಲ್ಲ ಅನ್ಲಿಲ್ಲ. ಚಿರೆಕಲ್ಲಿನ ಮೇಲೆ ಕೂತು ಕನ್ನಡಕ ಹಾಕ್ಕೊಂಡು ಒಂದೊಂದೇ ಅಕ್ಷರ ಹೊಡ್ದು ನೋಡಿದ್ರು, ತೆರೀತು. ಯಂತಕ್ಕೆ ಹಂಗೆ ಆಗಿತ್ತು ಅಂತ ಕೇಳಿದ್ರು, ನಾನು ಐಪಿವಿ6 ಅಂತೆಲ್ಲಾ ಶುರು ಮಾಡಿ ಅವ್ರ ಮುಖ ನೋಡಿ ನಿಲ್ಸಿ ಕೊರಿಯರ್ ಹುಡುಗನ ಕಥೆ ಹೇಳ್ದೆ. "ಹಳೇ ಮನೆ ಬೋರ್ಡು ತೆಗ್ಯದೇ ಇದ್ದಿದ್ದೆ ಹೇಳು" ಅಂದ್ರು. ಹೌದು, ಅಷ್ಟೇ.

ಪ್ರೆಸ್ಸಲ್ಲಿ ಇನ್ನೊಂದು ಚರ್ಚೆ. ಡಿಸೈನ್ ಮಾಡೋ ಹುಡುಗ ತಾನಾಗೇ ಹೆಸ್ರ ಶುರುವಲ್ಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಸೇರ್ಸಿದ್ದ, ವೆಬ್‌ಸೈಟ್ ಅಂದ್ಮೇಲೆ ಅದು ಇರ್ಲೇಬೇಕು ಅಂತ ಅವನ ವಾದ. ಎರಡೂ ನಡಿಯುತ್ತೆ ಮಾರಾಯಾ ಆದ್ರೆ ಬಾಟಲಿ ಸಣ್ಣದು ಅಂತ ತೆಗೆಸ್ದೆ. ಕ್ಯೂಆರ್ ಕೋಡಲ್ಲಿ ಮಾತ್ರ ಎಚ್‌ಟಿಟಿಪಿಎಸ್ ಸಮೇತ ಪೂರ್ತಿ ಹಾಕ್ಸಿ, ಪ್ರಿಂಟಿಗೆ ಕಳ್ಸೋ ಮುಂಚೆ ಅವನ ಫೋನು, ನನ್ನ ಫೋನು, ಪಕ್ಕದಲ್ಲಿ ಮದುವೆ ಕಾಗದ ಮಾಡಿಸ್ಲಿಕ್ಕೆ ಬಂದು ಕೂತಿದ್ದವ್ರ ಫೋನು, ಮೂರ್ರಲ್ಲೂ ಸ್ಕ್ಯಾನ್ ಮಾಡ್ಸಿ ನೋಡ್ದೆ, ಮೂರೂ ಮೊಬೈಲ್ ಡೇಟಾದಲ್ಲಿ. ಮದುವೆ ಕಾಗದದವ್ರು ಅಲ್ಲೇ ಅರ್ಧ ಕೇಜಿ ಅಪ್ಪೆಮಿಡಿ ಆರ್ಡರ್ ಹಾಕಿದ್ರು. ಹೊಸ ಹೆಸ್ರಲ್ಲಿ ಬಂದ ಮೊದಲ ಆರ್ಡರು ಅದು.

ಜಾತ್ರೇಲಿ ಆ ಕ್ಯೂಆರ್ ಕೋಡಿಂದ ಏನೂ ಉಪಯೋಗ ಆಗ್ಲಿಲ್ಲ ಅನ್ನೋದೇ ಸತ್ಯ. ಬಿಡ್ಕಿಬೈಲಲ್ಲಿ ಅಷ್ಟು ಜನ ಸೇರಿದ್ಮೇಲೆ ಯಾವ ಟವರ್ ತಾನೆ ತಡ್ಕೊಳ್ಳುತ್ತೆ, ಸ್ಕ್ಯಾನ್ ಮಾಡಿದ್ರೆ ಬಿಳಿ ಪರದೆ ಮೇಲೆ ಚಕ್ರ ತಿರುಗೋದು, ಜನ ಬಾಟಲಿ ತಗೊಂಡು ಹೋಗೋದು. ಆದ್ರೆ ಜಾತ್ರೆ ಮುಗಿದ ಮುಂದಿನ ವಾರ ಹುಬ್ಬಳ್ಳಿ, ಹಾವೇರಿ ಕಡೆಯಿಂದ ಆರ್ಡರ್ ಬರ್ಲಿಕ್ಕೆ ಶುರುವಾಯ್ತು, ಬಾಟಲಿ ಖಾಲಿ ಮಾಡಿ ಸ್ಟಿಕರ್ ನೋಡಿ ಹೊಡ್ದೋರು. ಫೋನಲ್ಲೂ ಈಗ ಹೆಸ್ರು ಹೇಳೋದು ಸುಲಭ, ದೊಡ್ಡಾಯಿ ಇಂಗ್ಲಿಷ್ ಅಕ್ಷರ ಒಂದೊಂದಾಗಿ ಹೇಳಿ ಕೊನೇಲಿ "ಡಾಟು, ಇನ್ನು" ಅಂತಾರೆ, ಕೇಳ್ದೋರು ಇನ್ನು ಏನು ಅಂತ ಕಾಯ್ತಾರೆ.

ಅಡುಗೆಮನೆ ಕ್ಯಾಲೆಂಡರಲ್ಲಿ ಗ್ಯಾಸ್ ಬುಕ್ ಮಾಡಿದ ದಿನ, ಹಾಲಿನ ಲೆಕ್ಕ, ಏಕಾದಶಿ ಇವುಗಳ ಮಧ್ಯೆ ಮಾರ್ಚ್ ತಿಂಗಳಲ್ಲಿ "ಹೆಸ್ರಿನ ದುಡ್ಡು" ಅಂತ ಪೆನ್ನಲ್ಲಿ ಬರ್ದಿದ್ದಾರೆ. ಆಟೋ ರಿನ್ಯೂವಲ್ ಹಾಕಿದ್ದೀನಿ ಅಂತ ಹೇಳಿದ್ರೂ ಕೇಳಲ್ಲ, ಹೋದ ವರ್ಷ ಫೆಬ್ರವರಿಯಿಂದ್ಲೇ ಕೇಳ್ಲಿಕ್ಕೆ ಶುರು ಮಾಡಿದ್ರು.